ಹಿಂದಲ ಕೋಣೆಯ ವ್ರತ

ಮಂಡ್ಯದೋರ ಮಾತು ಒರಟು ಅಂತ ಹೇಳೋರು ಹೇಳಿಕೊಳ್ಳಲಿ, ನನಗೇನೂ ಬೇಜಾರಿಲ್ಲ. ಒರಟು ನಿಜ. ನಾವು ಬೈದು ಕರೀತೀವಿ, ಬೈದು ಉಣ್ಣಿಸ್ತೀವಿ, ಬೈದೇ ಬಸ್ಸು ಹತ್ತಿಸ್ತೀವಿ. ಆದರೆ ಮನೆಗೆ ಬಂದೋರನ್ನ ಒಂಟಿಯಾಗಿ ಕೂರಿಸಿ ನಮ್ಮ ಪಾಡಿಗೆ ನಾವು ಹೋದ್ವಿ ಅಂತ ಯಾರಾದರೂ ಒಬ್ಬರು ಹೇಳಲಿ ನೋಡೋಣ. ಅದರಲ್ಲೂ ಪೂರಿಗಾಲಿಯ ನಮ್ಮ ಮನೇಲಿ, ಪಾತ್ರೆ ಮಾರೋನು ಜಗಲಿ ಮೇಲೆ ಕೂತರೂ ಅವನ ಜೊತೆ ಮಾತಿಗೆ ಒಬ್ಬರನ್ನ ಕೂರಿಸಿಯೇ ನಮ್ಮವ್ವ ಒಳಗೆ ಹೋಗೋಳು. ಈ ಗುಣದಿಂದಲೇ ಒಂದು ಸಲ ಅವಳ ಮಾನ ಹೋಗೋದರಲ್ಲಿತ್ತು. ಅದನ್ನ ಅವಳು ಹೆಂಗೆ ಉಳಿಸಿಕೊಂಡಳು ಅಂತ ಹೇಳ್ತೀನಿ.

ಎಪ್ಪತ್ತರ ದಶಕದ ನಡುವಿನ ಮಾತು. ನಾನು ಮಂಡ್ಯದಲ್ಲಿ ಬಿ.ಎ. ಮುಗಿಸಿ ಮನೇಲಿ ಕೂತಿದ್ದೆ. ಊರಲ್ಲಿ ಇಂಗ್ಲಿಷು ಓದಿದ ಹೆಣ್ಣು ಅಂದರೆ ನಾನೊಬ್ಬಳೇ, ಆ ಜಂಬ ನನಗೆ ಒಂದು ಗುಲಗಂಜಿ ಜಾಸ್ತಿಯೇ ಇತ್ತು. ಆಗ ಸೀಮೆ ಹಸು ಕಟ್ಟೋದು ನಮ್ಮ ಕಡೆ ಹೊಸದು. ಸಂಕ್ರಾಂತಿ ಕಳೆದ ಮೇಲೆ ಒಂದು ದಿನ, ಹಾಲಿನ ವಿಚಾರ ನೋಡಿಕೊಳ್ಳೋ ಆಫೀಸರೊಬ್ಬರು ಬಂದು ನಮ್ಮ ಜಗಲಿ ಮೇಲೆ ಊರ ಯಜಮಾನರನ್ನ ಸೇರಿಸಿದರು. ಹಾಲೆಂಡ್ ದೇಶದ ಒಬ್ಬ ಹುಡುಗಿ ಬರ್ತಾಳೆ, ದನ ಸಾಕೋರ ಮನೆಯೋಳು, ಆರು ತಿಂಗಳು ಊರಲ್ಲೇ ಇದ್ದು ಹೆಂಗಸರಿಗೆ ಹಸು ನೋಡಿಕೊಳ್ಳೋದು ಹೇಳಿಕೊಡ್ತಾಳೆ, ಯಾರ ಮನೇಲಿ ಇಟ್ಟುಕೊಳ್ತೀರಿ ಅಂತ ಕೇಳಿದರು.

ಯಾರೂ ಮುಂದೆ ಬರಲಿಲ್ಲ. ಕಾರಣ ಇತ್ತು. ಹಿಂದಿನ ವರ್ಷ ಇಂಥದ್ದೇ ಒಬ್ಬಳು ಮಳವಳ್ಳಿಯಲ್ಲಿ ದೊಡ್ಡ ನೌಕರಿಯವರ ಮನೇಲಿ ಇಳಿದುಕೊಂಡು ಹತ್ತನೇ ದಿನಕ್ಕೆ ಪೆಟ್ಟಿಗೆ ಕಟ್ಟಿದ್ದಳು. ಆ ಮನೆಯೋರು ಏನು ಮಾಡಿದರೋ ಅಂತ ತಾಲ್ಲೂಕೆಲ್ಲ ಆಡಿಕೊಂಡಿತ್ತು. ನಮ್ಮ ದೊಡ್ಡವ್ವ, ಅಂದರೆ ಅಪ್ಪನ ಅಣ್ಣನ ಹೆಂಡತಿ, ಗೋಡೆ ಆಚೆಯ ಮನೆಯೋಳು, ಬಾಗಿಲಲ್ಲಿ ನಿಂತು ನಕ್ಕಳು. "ಟೌನ್ನಾಗೇ ನಿಲ್ದೋರು ಈ ಅಳ್ಳೀಲಿ ನಿಲ್ತಾರಾ. ಎಲ್ಡ್ ದಿನ ಕಣ್ ಬುಡಿ" ಅಂದಳು.

ಗಂಡಸರ ಮುಂದೆ ಬಾಯಿ ಬಿಡದ ನಮ್ಮವ್ವ ಅವತ್ತು ನಡುಮನೆಯಿಂದಲೇ ಮಾತಾಡಿದಳು. "ನಮ್ಮನೇಲಿರ್ಲಿ. ಆರ್ ತಿಂಗ್ಳೂ ಇರ್ತಾಳೆ. ಒಂದ್ ದಿನ ಮುಂಚೆ ಎದ್ದೋದ್ರೆ ನನ್ನ ಕೇಳಿ."

ಅಪ್ಪ ತಿರುಗಿ ನೋಡಿದರು. ದೊಡ್ಡವ್ವ ನಗೋದು ನಿಲ್ಲಿಸಿದಳು. ಆಡಿದ ಮಾತು ಆಡಿ ಆಗಿತ್ತು, ಊರೆಲ್ಲ ಕೇಳಿಸಿಕೊಂಡಾಗಿತ್ತು.

ಹುಡುಗಿ ಬಂದಳು. ಉದ್ದ ಅಂದರೆ ಉದ್ದ. ನಮ್ಮ ಬಾಗಿಲಿಗೆ ಮೊದಲನೇ ದಿನವೇ ಹಣೆ ಹೊಡೆಸಿಕೊಂಡಳು. ಅವಳು ಬಸ್ಸು ಇಳಿದಾಗಲೇ ಬೀದಿಯೋರು "ಸೀಮೆ ಅಸ ಬತ್ತದೆ ಅಂತಿದ್ರು, ಸೀಮೆ ಎಣ್ಮಗ್ಳೇ ಬಂದ್ಳಲ್ಲ" ಅಂತ ರೇಗಿಸಿದರು. ಅದೆಲ್ಲ ಅವ್ವನ ಕಿವಿಗೆ ಬೀಳಲಿಲ್ಲ. ಅವಳು ಬಸ್ಸಿನ ಕಡೆ ನೋಡ್ತಾ ನಿಂತಿದ್ದಳು, ಹುಡುಗಿ ಹಿಂದೆ ಇನ್ನೂ ಯಾರಾದರೂ ಇಳೀತಾರೇನೋ ಅಂತ. ಯಾರೂ ಇಳೀಲಿಲ್ಲ. "ಅಷ್ಟ್ ದೂರ್ದಿಂದ ಒಬ್ಳನ್ನೇ ಕಳ್ಸವ್ರಲ್ಲ, ಏನ್ ಕಲ್ಲೆದೆ ತಾಯ್ತಂದೆ ಇರ್ಬೋದು" ಅಂತ ಕಣ್ಣಲ್ಲಿ ನೀರು ತಂದುಕೊಂಡಳು. ಇನ್ನು ಈ ಮಗುವನ್ನ ಒಂದು ಗಳಿಗೆಯೂ ಒಂಟಿ ಬಿಡಬಾರದು ಅಂತ ಅಲ್ಲೇ ತೀರ್ಮಾನ ಮಾಡಿದಳು.

ಅವ್ವ ಹಿಡಿದದ್ದು ಬಿಡೋಳಲ್ಲ. ಪಾಳಿ ಹಾಕಿದಳು. ಬೆಳಿಗ್ಗೆ ಚೊಂಬು ಹಿಡಿದು ಬಯಲಿಗೆ ಹೊರಟರೆ ಹಿಂದೆ ಇಬ್ಬರು. ಸ್ನಾನಕ್ಕೆ ಕೂತರೆ ಬೆನ್ನುಜ್ಜೋಕೆ ಅವ್ವನೇ. ಉಣ್ಣೋಕೆ ಕೂತರೆ ಎದುರಿಗೆ ಐದು ಜನ, ಮುದ್ದೆ ಗಂಟಲಲ್ಲಿ ಇಳೀತೋ ಇಲ್ಲವೋ ಅಂತ ನೋಡೋಕೆ. ಊರಿಗೆ ಕಾಗದ ಬರೆಯೋಕೆ ಕೂತರೆ ಪಕ್ಕದಲ್ಲಿ ಒಂದು ಮುದುಕಿ ಪೆನ್ನು ಓಡೋದನ್ನೇ ನೋಡ್ತಾ ಕೂತಿರೋಳು. ಮಲಗಿದರೆ ಆ ಕಡೆ ಅವ್ವ, ಈ ಕಡೆ ನಾನು. ಬಂದೋರು ಸುಮ್ಮನೆ ಕೂರಲ್ಲವಲ್ಲ. ಯಾಕೆ ಮದುವೆ ಆಗಿಲ್ಲ, ಅಪ್ಪನಿಗೆ ಎಷ್ಟು ಎಕರೆ, ಈ ಕೂದಲು ಹುಟ್ಟಿದಾಗಿಂದ ಹಿಂಗೇನಾ. ಎಲ್ಲವನ್ನೂ ನಾನು ಇಂಗ್ಲಿಷಿಗೆ ತಿರುಗಿಸಿ ಕೇಳ್ತಿದ್ದೆ, ಉತ್ತರ ಕನ್ನಡಕ್ಕೆ ತಿರುಗಿಸಿ ಹೇಳ್ತಿದ್ದೆ. ನನಗಂತೂ ಅದು ಮಜಾ.

ಕೆಲಸದಲ್ಲಿ ಅವಳನ್ನ ಮೆಚ್ಚಲೇಬೇಕು. ನಮ್ಮ ಕೊಟ್ಟಿಗೇಲಿ ಒದೆಯೋ ಹಸು ಒಂದಿತ್ತು, ಅವ್ವನಿಗೂ ಕಾಲು ಕಟ್ಟದೆ ಕರೆಯೋಕಾಗ್ತಿರಲಿಲ್ಲ. ಈ ಹುಡುಗಿ ಹಣೆಯನ್ನ ಅದರ ಪಕ್ಕೆಗೆ ಒತ್ತಿ ಕೂತು, ಗುಂಯ್ ಅಂತ ಏನೋ ರಾಗ ಎಳೀತಾ, ತಂಬಿಗೆ ತುಂಬಾ ಕರೆದುಬಿಟ್ಟಳು. "ಕೈ ಐತೆ ಕಣ್ರೇ ಇವ್ಳಿಗೆ" ಅಂತ ಬೀದಿ ಹೆಂಗಸರು ಒಪ್ಪಿಕೊಂಡರು. ಅವ್ವ ದೃಷ್ಟಿ ತೆಗೆದಳು.

ಆದರೂ ಎರಡು ವಾರ ಕಳೆಯೋ ಹೊತ್ತಿಗೆ ಹುಡುಗಿ ಇಳಿದುಹೋದಳು. ಮಾತು ಕಮ್ಮಿ, ಊಟ ಕಮ್ಮಿ. ಒಂದು ದಿನ ಕೊಟ್ಟಿಗೆಯ ಹಿಂದೆ ನಿಂತು ಅಳ್ತಿದ್ದಳು. ಅವ್ವ ನೋಡಿಬಿಟ್ಟಳು. "ನೋಡಿದ್ಯಾ, ನಾವು ಸರಿಯಾಗ್ ಜತೇಲಿರ್ನಿಲ್ಲ, ಒಂಟಿ ಅನ್ನಿಸ್ಬುಟ್ಟೈತೆ ಮಗೂಗೆ" ಅಂದು ಮಾರನೇ ದಿನದಿಂದ ಇನ್ನಿಬ್ಬರನ್ನ ಕೂರಿಸಿದಳು. ಹುಡುಗಿ ಇನ್ನೂ ಅತ್ತಳು. ಅವ್ವ ಸಾಯಂಕಾಲ ಭಜನೆಯೋರನ್ನೂ ಮನೆಗೇ ಕರೆಸಿದಳು. ಅವಳು ಅತ್ತಷ್ಟೂ ನಾವು ಜನ ಸೇರಿಸಿದೆವು, ನಾವು ಜನ ಸೇರಿಸಿದಷ್ಟೂ ಅವಳು ಅತ್ತಳು.

ಇದರಲ್ಲಿ ನನ್ನ ತಪ್ಪೂ ಇದೆ, ಮುಚ್ಚಿಡಲ್ಲ. ಅವಳು ನನ್ನ ಹತ್ತಿರ ನೇರವಾಗಿಯೇ ಹೇಳಿದ್ದಳು, ನನಗೆ ಸ್ವಲ್ಪ ಹೊತ್ತು ಒಬ್ಬಳೇ ಇರಬೇಕು, ನಿಮ್ಮಮ್ಮನಿಗೆ ಹೇಳು ಅಂತ. ನಾನು ಅವ್ವನ ಹತ್ತಿರ ಹೋಗಿ "ಅವ್ಳಿಗೆ ಸುಸ್ತಂತೆ" ಅಂದೆ. ನಿಮ್ಮ ಜೊತೆ ಸಾಕು ಅನ್ನೋ ಮಾತನ್ನ ಅವ್ವನ ಮುಖಕ್ಕೆ ಹೆಂಗೆ ಹೇಳಲಿ. ಅದು ಬರೀ ಸಂಕೋಚ ಅಲ್ಲ, ಅದರ ಹಿಂದೆ ಒಂದು ಕಥೆ ಇತ್ತು.

ಅವ್ವ ಹದಿನೈದಕ್ಕೆ ಈ ಮನೆ ಸೇರಿದೋಳು. ಅವಳ ತವರು ಮದ್ದೂರಿನ ಹತ್ತಿರ ವೈದ್ಯನಾಥಪುರ. ಬಂದ ಮೊದಲನೇ ವರ್ಷವೇ ಅವಳ ಅಪ್ಪನಿಗೆ ಕಾಯಿಲೆ ಅಂತ ಸುದ್ದಿ ಬಂತು. ಅತ್ತೆಯನ್ನ, ಅಂದರೆ ನಮ್ಮಜ್ಜಿಯನ್ನ, ಕೇಳದೆ ಬಸ್ಸು ಹತ್ತಿ ಹೋಗಿಬಿಟ್ಟಳು. ನಾಲ್ಕು ದಿನ ಬಿಟ್ಟು ವಾಪಸ್ಸು ಬಂದಾಗ ಅಜ್ಜಿ ಶಿಕ್ಷೆ ಹಾಕಿತು. ಹೊಡೀಲಿಲ್ಲ, ಬಡೀಲಿಲ್ಲ. ಒಂದು ತಿಂಗಳು ಈ ಮನೇಲಿ ಯಾರೂ ಅವಳನ್ನ ಮಾತಾಡಿಸಕೂಡದು ಅಂತು. ಕೆಲಸ ಮುಗಿದ ಮೇಲೆ ಅವಳು ಹಿಂದಲ ಕೋಣೇಲಿ ಇರಬೇಕು, ಉಣ್ಣೋದೂ ಮಲಗೋದೂ ಅಲ್ಲೇ. ಆಗ ಮನೆ ಪಾಲಾಗಿರಲಿಲ್ಲ. ಹಿರೀ ಸೊಸೆ ನಮ್ಮ ದೊಡ್ಡವ್ವ. ತಟ್ಟೆ ಒಳಗೆ ತಳ್ಳಿ ಹೊರಗಿನಿಂದ ಚಿಲಕ ಹಾಕೋದು ಅವಳ ಕೆಲಸ. ಅವಳೂ ಆಗಿನ್ನೂ ಹುಡುಗಿಯೇ, ಅತ್ತೆ ಹೇಳಿದ್ದನ್ನ ಮಾಡಿದಳು. ಇದನ್ನ ಅವ್ವ ಯಾವತ್ತೂ ನನಗೆ ಹೇಳಲಿಲ್ಲ, ಅಜ್ಜಿಯೇ ಮುದಿ ವಯಸ್ಸಲ್ಲಿ ಹೇಳಿ ನೊಂದುಕೊಂಡಿತ್ತು. ಅವ್ವ ಆ ಕೋಣೆಗೆ ಕಾಲಿಟ್ಟಿದ್ದನ್ನ ನಾನು ಅಲ್ಲಿವರೆಗೆ ಕಂಡಿರಲಿಲ್ಲ. ರಾಗಿ ಬೇಕಾದರೂ ಬೆಲ್ಲ ಬೇಕಾದರೂ ನನ್ನನ್ನೇ ಕಳಿಸೋಳು.

ಇಂಥಾ ತಾಯಿಗೆ, ಹುಡುಗಿ ಒಂಟಿಯಾಗಿರಬೇಕಂತೆ ಅಂತ ಹೇಳೋದಾದರೂ ಹೆಂಗೆ.

ಹತ್ತೊಂಬತ್ತನೇ ದಿನ ಮಧ್ಯಾಹ್ನ ಹುಡುಗಿ ಕಾಣಲಿಲ್ಲ. ಪಾಳಿಯ ಮುದುಕಿ ತೂಕಡಿಸಿದ್ದಳು. ಅವ್ವ ಬಾವಿ ಬಗ್ಗಿ ನೋಡಿ ಬಂದಳು. ಗೋಡೆ ಆಚೆಯಿಂದ ದೊಡ್ಡವ್ವ "ಎದ್ದೋದ್ಳಾ" ಅಂತ ಕೇಳಿದಳು, ಅಷ್ಟೇ. ಅವ್ವನ ಮುಖ ಬಿಳುಚಿಕೊಂಡಿತು. ನಾನು ನೋಡೋಕಾಗದೆ ಓಡಿದೆ.

ನಾಲೆ ಏರಿ ಮೇಲೆ, ಬಸ್ಸು ನಿಲ್ಲೋ ಕಡೆ, ಕೈಚೀಲ ಪಕ್ಕಕ್ಕಿಟ್ಟುಕೊಂಡು ಕೂತಿದ್ದಳು. ಮೂರು ಗಂಟೆ ಬಸ್ಸಿಗೆ ಮಳವಳ್ಳಿ, ಅಲ್ಲಿಂದ ಮದ್ದೂರು, ಅಲ್ಲಿಂದ ರೈಲು. ನನ್ನ ಸಿಟ್ಟು ನೆತ್ತಿಗೇರಿತು. ನಿನ್ನ ಗಂಟೇನು ಕದ್ದಿದ್ವಾ ನಾವು, ಹೇಳದೆ ಕೇಳದೆ ಎದ್ದು ಬರೋಕೆ, ನಮ್ಮವ್ವ ಬಾವಿ ನೋಡ್ತಾವಳೆ ಅಲ್ಲಿ, ಅಂತ ಬಾಯಿಗೆ ಬಂದ ಹಾಗೆ ಬೈದೆ. ಅರ್ಧ ಇಂಗ್ಲಿಷು, ಅರ್ಧ ನಮ್ಮ ಭಾಷೆ. ಅವಳಿಗೂ ಕೋಪ ಇತ್ತು. ಹತ್ತೊಂಬತ್ತು ದಿನದಿಂದ ನನ್ನನ್ನ ಕಾವಲು ಕಾಯ್ತಿದ್ದೀರಿ, ನಾನು ಏನು ಕದೀತೀನಿ ಅಂತ ನಿಮಗೆ ಅನುಮಾನ, ಬಯಲಿಗೆ ಹೋದರೂ ಇಬ್ಬರನ್ನ ಕಳಿಸ್ತೀರಲ್ಲ ಅಂದಳು.

ಕಾವಲು ಅಂದುಕೊಂಡಿದ್ದಾಳೆ. ನಮ್ಮವ್ವನ ಮಮತೆಯನ್ನ ಪೋಲೀಸು ಅಂದುಕೊಂಡಿದ್ದಾಳೆ.

ಆಮೇಲೆ ಅವಳೇ ಸಮಾಧಾನವಾಗಿ ಹೇಳಿದಳು. ಅವರ ಮನೇಲಿ ಒಬ್ಬೊಬ್ಬರಿಗೆ ಒಂದೊಂದು ಕೋಣೆ. ಯಾರಿಗಾದರೂ ಮನಸ್ಸು ಸರಿ ಇಲ್ಲ ಅಂದರೆ ಉಳಿದೋರು ಬಾಗಿಲು ಮೆಲ್ಲಗೆ ಮುಂದೆ ಮಾಡಿ, ಹೊರಗೆ ಒಂದು ಲೋಟ ಟೀ ಇಟ್ಟು ಹೋಗ್ತಾರೆ. ಅದೇ ಅವರ ಪ್ರೀತಿಯಂತೆ. ನಾನು ನಮ್ಮವ್ವನ ಕಥೆ ಹೇಳಿದೆ. ಚಿಲಕ, ತಟ್ಟೆ, ಒಂದು ತಿಂಗಳು, ಎಲ್ಲಾ. ನಮ್ಮ ಕಡೆ ಒಬ್ಬರನ್ನ ಒಂಟಿ ಬಿಡೋದು ಅಂದರೆ ಅವರನ್ನ ಮನೆಯಿಂದ ಆಚೆ ಹಾಕಿದ ಹಾಗೆ, ಅವ್ವ ನಿನಗೆ ಅದನ್ನ ಮಾಡಲಾರಳು ಅಂದೆ. ಬಸ್ಸು ಬಂತು. ಕಂಡಕ್ಟರು ನಮ್ಮ ಪರಿಚಯದೋನು, "ಬರಂಗಿದ್ರೆ ಬನ್ರಮ್ಮ, ಒತ್ತಾಯ್ತು" ಅಂದ. ಅವಳು ತಲೆ ಅಲ್ಲಾಡಿಸಿದಳು. ಹೋಗೋದಾದರೆ ನಿಮ್ಮಮ್ಮನಿಗೆ ಹೇಳಿಯೇ ಹೋಗ್ತೀನಿ ಅಂತ ಚೀಲ ಎತ್ತಿಕೊಂಡಳು.

ಮನೆಗೆ ಬಂದು ಈ ಸಲ ನಾನು ಒಂದಕ್ಷರ ಬಿಡದೆ ಹೇಳಿದೆ. ಅವಳು ಹೇಳಿದ್ದು ಹೇಳಿದ ಹಾಗೇ. ಅವ್ವ ಒಲೆ ಮುಂದೆ ಕೂತು ಕೇಳಿದಳು. "ಕಾವಲ್ ಅನ್ಕಂಡ್ಳಾ ನನ್ನ" ಅಂತ ಒಂದೇ ಮಾತು ಅಂದಳು. ಆ ಮಾತಿನಲ್ಲಿದ್ದ ನೋವಿಗೆ ನನಗೆ ಹುಡುಗಿ ಮೇಲೆ ಇನ್ನೊಂದು ಸಲ ಸಿಟ್ಟು ಬಂತು. ಅವತ್ತು ರಾತ್ರಿ ಅವ್ವ ಉಣ್ಣಲಿಲ್ಲ. ನಾನು, ಆಯ್ತು, ನಾಳೆ ಬಸ್ಸಿಗೆ ಕಳಿಸೋದೇ ಅಂದುಕೊಂಡೆ.

ಬೆಳಿಗ್ಗೆ ಎದ್ದು ನೋಡಿದರೆ ಅವ್ವ ಹಿಂದಲ ಕೋಣೇಲಿದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ರಾಗಿ ಮೂಟೆ ಹೊರಗೆ ಎಳೀತಿದ್ದಳು. ಬೆಲ್ಲದ ಗುಡಾಣ ಈಚೆಗೆ ಬಂತು, ಹಳೇ ನೊಗ ಈಚೆಗೆ ಬಂತು. ನೆಲ ಸಾರಿಸಿದಳು, ರಂಗೋಲಿ ಎಳೆದಳು, ಚಾಪೆ ಹಾಸಿದಳು. ಆಮೇಲೆ ಬಾಗಿಲ ಮುಂದೆ ನಿಂತು ಚಿಲಕವನ್ನ ನೋಡಿದಳು. ಇಪ್ಪತ್ತೈದು ವರ್ಷದ ಹಿಂದಿನ ಅದೇ ಚಿಲಕ, ಹೊರಗಡೆ. "ಓಗಿ ಆಚಾರೀನ ಕರ್ಕಂಡ್ ಬಾ" ಅಂದಳು. ಬಡಗಿ ಆಚಾರಿ ಬಂದು, ಈ ಕಬ್ಬಿಣ ಇನ್ನೂ ಗಟ್ಟಿಯಾಗೈತೆ ಕಣವ್ವ ಯಾಕ್ ಕೀಳಾನ ಅಂತ ಗೊಣಗಿದ. "ಕಿತ್ತು ಒಳಗಡೀಕ್ ಜಡಿ" ಅಂದಳು ಅವ್ವ. ಅವನು ಕಿತ್ತು ಒಳಗಡೆಗೆ ಹೊಡೆದ.

ಅವ್ವ ಹುಡುಗಿಯ ಕೈ ಹಿಡಿದು ಕರೆದುಕೊಂಡು ಹೋಗಿ ಒಳಗೆ ಬಿಟ್ಟಳು. ಚಿಲಕ ಹಾಕೋದು ಹೆಂಗೆ ಅಂತ ಎರಡು ಸಲ ತೋರಿಸಿದಳು. ಹೊರಗೆ ಬಂದು ಬಾಗಿಲು ಎಳೆದುಕೊಂಡಳು. ಒಳಗಿನಿಂದ ಚಿಲಕ ಬಿದ್ದ ಸದ್ದಿಗೆ ಅವ್ವ ತಿರುಗಿ ಬಾಗಿಲ ಮೇಲೆ ಕೈಯಿಟ್ಟಳು. ಆದರೂ ಅವಳು ಅಲ್ಲಿಂದ ನಡೆದು ಹೋಗಿ ಸೊಪ್ಪು ಬಿಡಿಸೋಕೆ ಕೂತಳು. ನನ್ನ ಕೇಳಿದರೆ ಆ ಸೊಪ್ಪು ಬಿಡಿಸೋಕೆ ಎಂಟೆದೆ ಬೇಕು.

ಇನ್ನು ಊರಿನೋರ ಬಾಯಿ. ಸೀಮೆ ಹೆಣ್ಣನ್ನ ಕೋಣೇಲಿ ಕೂಡಿ ಹಾಕವ್ಳೆ ಅಂತ ಸಂಜೆಯೊಳಗೆ ಡಂಗುರ ಆಗ್ತಿತ್ತು. ಅವ್ವ ಅದಕ್ಕೂ ದಾರಿ ಹುಡುಕಿದ್ದಳು. ಮೊದಲು ಬಂದೋಳಿಗೇ ಬೆರಳು ತುಟಿ ಮೇಲಿಟ್ಟು ಹೇಳಿದಳು. "ಮೆಲ್ಲಗ್ ಮಾತಾಡು. ವ್ರತದಲ್ಲವ್ಳೆ. ಅವ್ರ ದೇಸದ್ ವ್ರತ. ಮದ್ಯಾನ ಉಂಡ್ಮೇಲಿಂದ ಅಸ ಮನೇಗ್ ಬರಗಂಟ ಯಾರ್ ಮೊಕಾನೂ ನೋಡಂಗಿಲ್ಲ, ಮಾತಾಡಂಗಿಲ್ಲ."

ವ್ರತ ಅಂದ ಮೇಲೆ ಮುಗೀತು. ಬಂದೋಳು ಚಪ್ಪಲಿ ಬಿಟ್ಟು ಹಿಂದಕ್ಕೆ ಸರಿದಳು. ಮಧ್ಯಾಹ್ನದ ಹೊತ್ತು ನಮ್ಮ ಬೀದೀಲಿ ಜಗಳ ಕೂಡ ಪಿಸುಮಾತಲ್ಲಿ ನಡೆಯೋಕೆ ಶುರುವಾಯಿತು. ಒಬ್ಬಾಕೆ ಬಾಗಿಲ ಮುಂದೆ ಎರಡು ಕನಕಾಂಬರ ಇಟ್ಟು ಹೋಗಿದ್ದಳು. ನಾನು ಅವ್ವನ ಹತ್ತಿರ, ಇಷ್ಟು ಸಲೀಸಾಗಿ ಸುಳ್ಳು ಹೇಳ್ತೀಯಲ್ಲ ಅಂತ ಕಿಚಾಯಿಸಿದೆ. ಅವ್ವ ನಗಲಿಲ್ಲ. "ಯಾವ್ದಮ್ಮಿ ಸುಳ್ಳು. ಮನ್ಸರ್ನೆಲ್ಲ ಬುಟ್ಟು, ಮಾತಿಲ್ದೆ ಕತೆಯಿಲ್ದೆ ಒಬ್ಳೇ ಕೂತ್ಕಳದು ವ್ರತ ಅಲ್ದೆ ಇನ್ನೇನು. ನನ್ ಕೈಲಾಗಲ್ಲ, ಅವ್ಳ್ ಕೈಲಾಗ್ತದೆ" ಅಂದಳು. ಬಿ.ಎ. ಓದಿದ ನನಗೆ ಹತ್ತೊಂಬತ್ತು ದಿನ ಹೊಳೆಯದ ಅನುವಾದ ಅದು. ಹೆಬ್ಬೆಟ್ಟಿನ ನಮ್ಮವ್ವ ಒಂದು ರಾತ್ರೀಲಿ ಮಾಡಿದ್ದಳು. ಇವತ್ತಿಗೂ ಆ ಹೆಮ್ಮೆ ನನಗೆ ಇಳಿದಿಲ್ಲ.

ಮೊದಲನೇ ದಿನ ಹಸು ಬರೋ ಹೊತ್ತಿಗೆ ಹುಡುಗಿ ಬಾಗಿಲು ತೆಗೆದಳು. ಹೊಸಿಲ ಹೊರಗೆ ಒಂದು ಲೋಟ ಟೀ ಇತ್ತು. ಆರಿ ಕೆನೆ ಕಟ್ಟಿತ್ತು. ಅವ್ವ ಅದನ್ನೂ ಮರೆತಿರಲಿಲ್ಲ. ಹುಡುಗಿ ಆ ತಣ್ಣಗಿನ ಟೀಯನ್ನ ನಿಂತ ಕಡೆಯೇ ಕುಡಿದು, ಸೀದಾ ಒಲೆ ಮುಂದೆ ಬಂದು, ಅವ್ವನಿಗೆ ಅಂಟಿಕೊಂಡು ಕೂತಳು. ಬಸ್ಸಿನ ಮಾತು ಆಮೇಲೆ ಬರಲಿಲ್ಲ.

ದಿನಕ್ಕೆ ಎರಡು ಮೂರು ತಾಸು ಅಷ್ಟೇ ಅವಳಿಗೆ ಬೇಕಾಗಿದ್ದದ್ದು. ಉಳಿದ ಹೊತ್ತು ಅವಳೇ ಜನ ಹುಡುಕಿಕೊಂಡು ಹೋಗೋಳು. ಯುಗಾದಿ ಹೊತ್ತಿಗೆ ಮುದ್ದೆ ನುಂಗೋದು ಬಂತು. ಮುಂಗಾರು ಹಿಡಿಯೋ ಹೊತ್ತಿಗೆ ನಮ್ಮ ಬೈಗುಳ ಬಂತು. ಹಾಲಿಗೆ ನೀರು ಬೆರೆಸಿದ ಒಬ್ಬನನ್ನ ಬೀದೀಲಿ ನಿಲ್ಲಿಸಿಕೊಂಡು "ನಾಚ್ಕೆ ಆಗಲ್ವೇನ್ಲಾ" ಅಂತ ಕೇಳಿದಳು ನೋಡಿ, ಅವತ್ತು ಊರೇ ಅವಳನ್ನ ತನ್ನವಳು ಅಂದುಕೊಂಡಿತು.

ಆರು ತಿಂಗಳು ತುಂಬಿ ಮೇಲೆ ನಾಲ್ಕು ದಿನ ಆಗಿತ್ತು ಅವಳು ಹೊರಟಾಗ. ಆ ನಾಲ್ಕು ದಿನವನ್ನ ಅವ್ವ ಆಮೇಲೆ ಎಲ್ಲರ ಹತ್ತಿರವೂ ಹೇಳಿಕೊಳ್ಳೋಳು. ದೊಡ್ಡವ್ವ ಕೂಡ "ಅದೇನ್ ಮದ್ದಾಕಿದ್ಯೇ ಅವ್ಳಿಗೆ" ಅಂದು ಸೋಲು ಒಪ್ಪಿಕೊಂಡಳು. ಹೊರಟ ದಿನ ನಾವು ವೈದ್ಯನಾಥಪುರದಲ್ಲಿ ಇಳಿದು, ಹುಡುಗಿ ಆರು ತಿಂಗಳು ನಿಲ್ಲಲಿ ಅಂತ ಅವ್ವ ಹೊತ್ತಿದ್ದ ಹರಕೆಯಂತೆ ಅಲ್ಲಿನ ದೇವರಿಗೆ ಅಭಿಷೇಕ ಮಾಡಿಸಿ, ಮದ್ದೂರು ಸ್ಟೇಷನ್ನಿಗೆ ಹೋದೆವು. ಕಳಿಸೋಕೆ ಹನ್ನೊಂದು ಜನ. ರೈಲು ಅಲ್ಲಾಡಿದಾಗ ಹುಡುಗಿ ಕಿಟಕಿಯಿಂದ ಅವ್ವನ ಕೈ ಹಿಡಿದು, ನನ್ನ ಸಹಾಯ ಇಲ್ಲದೆ, "ಅವ್ವ, ನೀನೂ ಒಂದ್ ದಿನ ವ್ರತ ಮಾಡು" ಅಂದಳು. "ನಂಗ್ಯಾಕ್ ಮಗಾ" ಅಂತ ಅವ್ವ ಅಳ್ತಾ ಅಳ್ತಾ ನಕ್ಕಳು.

ಹದಿನೈದು ದಿನ ಕಳೆದಿರಬೇಕು. ಮಧ್ಯಾಹ್ನ ಊಟ ಆದ ಮೇಲೆ ಅವ್ವ ಕಾಣಲಿಲ್ಲ. ಕೊಟ್ಟಿಗೆ ನೋಡಿದೆ, ಹಿತ್ತಿಲು ನೋಡಿದೆ. ಹಿಂದಲ ಕೋಣೆಯ ಬಾಗಿಲು ಮುಚ್ಚಿತ್ತು. ತಳ್ಳಿದೆ. ಒಳಗಿನಿಂದ ಚಿಲಕ ಹಾಕಿತ್ತು.

ಬಾಗಿಲು ಬಡಿಯೋಕೆ ಎತ್ತಿದ ಕೈಯನ್ನ ಹಂಗೇ ಇಳಿಸಿದೆ. ಕಿವಿಗೊಟ್ಟೆ. ಅಳು ಇರಲಿಲ್ಲ. ಬಳೆ ಸದ್ದು ಒಂದು ಸಲ ಕೇಳಿಸಿತು, ಆಮೇಲೆ ಅದೂ ಇಲ್ಲ. ನಾನು ಬಾಗಿಲಿಗೆ ಬೆನ್ನು ಹಾಕಿ ಹೊಸಿಲ ಮುಂದೆ ಕೂತೆ.

ಸ್ವಲ್ಪ ಹೊತ್ತಿಗೆ ದೊಡ್ಡವ್ವ ಮೊರ ಕೇಳೋಕೆ ಬಂದಳು. "ಎಲ್ಲವ್ಳಮ್ಮಿ ನಿಮ್ಮವ್ವ" ಅಂದಳು.

"ವ್ರತದಲ್ಲವ್ಳೆ ದೊಡ್ಡವ್ವ. ಅಸ ಬಂದ್ಮೇಲ್ ಬಾ" ಅಂದೆ.

ದೊಡ್ಡವ್ವ ಹೋಗಲಿಲ್ಲ. ಆ ಬಾಗಿಲನ್ನ, ಚಿಲಕ ಕಿತ್ತ ಕಡೆ ಉಳಿದಿದ್ದ ಮೊಳೆಯ ತೂತುಗಳನ್ನ ನೋಡ್ತಾ ನಿಂತಳು. ಒಂದು ಸಲ ಕೈ ಮುಂದೆ ಮಾಡಿ ಆ ತೂತುಗಳ ಮೇಲೆ ಬೆರಳಾಡಿಸಿದಳು. ಆಮೇಲೆ ಮಂಡಿ ಹಿಡಿದುಕೊಂಡು ಮೆಲ್ಲಗೆ ಕುಕ್ಕರಿಸಿ, ಬಾಗಿಲಿಗೆ ಬೆನ್ನು ಹಾಕಿ ನನ್ನ ಪಕ್ಕ ಕೂತಳು. ಹಸು ಬರೋವರೆಗೆ ನಾವಿಬ್ಬರೂ ಮಾತಾಡಲಿಲ್ಲ.